ಮರ, ಮಡಕೆ, ಹೊತ್ತು: ಕಳ್ಳಿನ ರುಚಿಯನ್ನು ಅಳೆಯುವ ಬಗೆ

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ತಾನಾಗಿ ಹುದುಗುವ ಪಾನೀಯವೊಂದಿದೆ: ಕಳ್ಳು. ಜಗತ್ತಿನ ಒಳ್ಳೆಯ ಬಿಯರಿಗೆ ಸಿಗುವ ಗಮನ ಅದಕ್ಕೂ ಸಲ್ಲಬೇಕು.

ಬೈನೆ ಮರ ಬದುಕಿನಲ್ಲಿ ಒಂದೇ ಸುತ್ತು ಹೂ ಬಿಡುತ್ತದೆ. 10–15 ವರ್ಷ ಬರಿಯ ಕಾಂಡ, ಗರಿ. ಆಮೇಲೆ ನೆತ್ತಿಯಲ್ಲಿ ಮೊದಲ ಹೂಗೊನೆ, ಅದರ ಕೆಳಗೆ ಇನ್ನೊಂದು. ಹೀಗೆ ಕೆಲವು ವರ್ಷ ಇಳಿಯುತ್ತ ಬಂದು, ಕೊನೆಯ ಗೊನೆಯೊಂದಿಗೆ ಮರವೂ ಮುಗಿಯುತ್ತದೆ. ಅಷ್ಟು ಕಾಲ ಕಾಂಡದಲ್ಲಿ ಕೂಡಿಟ್ಟ ಪಿಷ್ಟ ಸಕ್ಕರೆಯಾಗಿ ಹೂವಿನತ್ತ ಹರಿಯುತ್ತದೆ. ಕಳ್ಳು ಇಳಿಸುವ ಮೂರ್ತೆದಾರ ಮಡಕೆ ಕಟ್ಟುವುದು ಆ ಹರಿವಿಗೆ. ಘಟ್ಟದ ಬುಡದ ಅಡಿಕೆ ತೋಟಗಳ ಅಂಚಿನಲ್ಲಿ ನಿಂತ ಈ ಮರದ ಕಳ್ಳನ್ನು ಒಮ್ಮೆ ಗಮನವಿಟ್ಟು ಕುಡಿದವರಿಗೆ ತೆಂಗಿನ ಕಳ್ಳು, ತಾಳೆಯ ಕಳ್ಳು ಬೇರೆ ಬೇರೆ ಎನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಡಕೆಯೊಳಗಿನ ಕೆಲಸ

ಹೋಲಿಕೆಗೆ ಮೊದಲು ಬಿಯರನ್ನೇ ನೋಡಿ. ಬೆಲ್ಜಿಯಂನ ತೂರ್ಪ್ ಹಳ್ಳಿಯಲ್ಲಿ 1844ರಿಂದ ಬಿಯರ್ ತಯಾರಾಗುತ್ತಿರುವ ಒಂದು ತೋಟದ ಮನೆಯಿದೆ. ಹೊಲದಲ್ಲಿ ದುಡಿಯುವವರ ದಾಹಕ್ಕೆಂದು ಹುಟ್ಟಿದ ‘ಸೈಸನ್’ ಬಗೆಯ ಬಿಯರಿಗೆ ಇಂದು ಅಲ್ಲಿನ ‘ಸೈಸನ್ ಡ್ಯೂಪಾಂಟ್’ ಮಾದರಿ. ನಾರ್ವೆಯ ರೈತರು ‘ಕ್ವೈಕ್’ ಎಂಬ ಯೀಸ್ಟನ್ನು ಮರದ ಬಳೆಗಳ ಮೇಲೆ ಒಣಗಿಸಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಅದು 35–40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಹುರುಪಿನಿಂದ ಹುದುಗುತ್ತದೆ.

ನಮ್ಮ ಕರಾವಳಿಯ ಕಳ್ಳಿಗೆ ಅಂಥ ಬಿಸಿ ಹೊಸತಲ್ಲ. ಇಲ್ಲಿ ಕಾಳು ಮೊಳೆಯಿಸುವುದಿಲ್ಲ, ಕುದಿಸುವುದಿಲ್ಲ, ಯೀಸ್ಟ್ ಬೆರೆಸುವುದೂ ಇಲ್ಲ. ತೆಂಗಿನಲ್ಲಾದರೆ ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನವೂ ಮೆಲ್ಲಗೆ ಬಡಿದು, ತುದಿಯನ್ನು ತೆಳ್ಳಗೆ ಕೊಯ್ಯುತ್ತಾರೆ. ಇಳಿಯುವ ರಸದಲ್ಲಿ ಸುಮಾರು ಶೇಕಡಾ 12–15 ಸಕ್ಕರೆ ಇರುತ್ತದೆ, ಹುಳಿ ಇರುವುದಿಲ್ಲ. ಗಾಳಿ, ಕೀಟ, ಹಿಂದಿನ ದಿನದ ಮಡಕೆಯ ಪಸೆಯಿಂದ ಸೂಕ್ಷ್ಮಜೀವಿಗಳು ಸೇರಿಕೊಳ್ಳುತ್ತವೆ. ಮೊದಲು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಹಿಡಿಸುತ್ತವೆ, ಬೆನ್ನಿಗೇ ಯೀಸ್ಟ್ ಸಕ್ಕರೆಯನ್ನು ಮದ್ಯಸಾರವೂ ಗುಳ್ಳೆಯೂ ಆಗಿಸುತ್ತದೆ, ಕೊನೆಗೆ ಅಸಿಟಿಕ್ ಬ್ಯಾಕ್ಟೀರಿಯಾ ಅದನ್ನು ವಿನೆಗರಿನತ್ತ ಎಳೆಯುತ್ತವೆ. ಕೆಲವೇ ಗಂಟೆಗಳಲ್ಲಿ ಮದ್ಯಸಾರ ಶೇಕಡಾ 4–6 ಮುಟ್ಟುತ್ತದೆ. ಸೈಸನ್ ಡ್ಯೂಪಾಂಟಿನಲ್ಲಿ ಅದು 6.5.

ಮಡಕೆಯ ಒಳಮೈಗೆ ಸುಣ್ಣ ಬಳಿದರೆ ಹುದುಗು ತಡೆದು ಸಿಹಿ ನೀರಾ ಉಳಿಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅದೇ ಕೆಲಸವನ್ನು ಮಂಜುಗಡ್ಡೆಯ ಪೆಟ್ಟಿಗೆಯಿಂದ ಮಾಡಿಸಿ ತೆಂಗಿನ ರಸಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟಿದೆ.

ಲೋಟ ಕೈಗೆ ಬಂದಾಗ

ಮೊದಲು ಹೊತ್ತು ಕೇಳಿ. ರಾತ್ರಿಯ ತಂಪಿನಲ್ಲಿ ಇಳಿದ ಬೆಳಗಿನ ಕಳ್ಳಿನಲ್ಲಿ ಸಿಹಿ ಹೆಚ್ಚು. ಹಗಲಿನ ಬಿಸಿಯಲ್ಲಿ ಇಳಿದ ಸಂಜೆಯ ಕಳ್ಳಿಗೆ ಹುಳಿ, ಖಡಕ್ಕು ಹೆಚ್ಚು. ಬೆಳಗಿನದನ್ನು ಸಂಜೆಯದರೊಡನೆ ಹೋಲಿಸಿ ಒಂದನ್ನು ಕಳಪೆ ಎನ್ನುವುದು ನ್ಯಾಯವಲ್ಲ.

ಆಮೇಲೆ ನೋಡಿ. ಹಾಲು ಬೆರೆಸಿದಂಥ ಬಿಳುಪು ಸಹಜ, ಸಣ್ಣ ಗುಳ್ಳೆಗಳು ತಳದಿಂದ ಏಳುತ್ತಿರಬೇಕು. ಮಳೆಗಾಲದಲ್ಲಿ ಮಡಕೆಗೆ ನೀರು ಬಿದ್ದಿದ್ದರೆ ಮೈ ತೆಳುವಾಗಿ, ಬಾಯಿಯಲ್ಲಿ ನಿಲ್ಲದೆ ಜಾರುತ್ತದೆ.

ಮೂಗಿನ ಹತ್ತಿರ ತನ್ನಿ. ಎಳನೀರು, ಉಬ್ಬಿದ ದೋಸೆ ಹಿಟ್ಟು, ಮಾಗಿದ ಬಾಳೆಹಣ್ಣಿನ ವಾಸನೆ ಒಳ್ಳೆಯ ಲಕ್ಷಣ. ಮೂಗು ಚುಚ್ಚುವ ವಿನೆಗರಿನ ಘಾಟು ಬಂದರೆ ಹೊತ್ತು ಮೀರಿದೆ.

ಸಣ್ಣ ಗುಟುಕು ಬಾಯಲ್ಲಿ ನಿಲ್ಲಿಸಿ. ಸಿಹಿ ಮುಂದೆ ಬಂದು, ಹುಳಿ ಅದನ್ನು ಹಿಡಿದು ನಿಲ್ಲಿಸಿ, ಗುಳ್ಳೆ ನಾಲಗೆಯನ್ನು ತೊಳೆದುಕೊಂಡು ಹೋಗಬೇಕು. ಈ ಮೂರರ ಹದವೇ ಕಳ್ಳಿನ ಗುಣ. ಖಾರ, ಹುಳಿ ತುಂಬಿದ ಬಂಗುಡೆ ಪುಳಿಮುಂಚಿಯ ಜೊತೆ ಬೆಳಗಿನ ಕಳ್ಳಿನ ಸಿಹಿ ಚೆನ್ನಾಗಿ ಹೊಂದುತ್ತದೆ. ಹುರಿದ ಮೀನಿನ ಎಣ್ಣೆಯಂಶಕ್ಕೆ ಸಂಜೆಯ ಕಳ್ಳಿನ ಹುಳಿಯೇ ಸರಿ.

ಕೊನೆಯ ಪರೀಕ್ಷೆ ತಾಳ್ಮೆಯದು. ಅರ್ಧ ಲೋಟವನ್ನು ಒಂದೆರಡು ಗಂಟೆ ಇಟ್ಟು ಮತ್ತೆ ರುಚಿ ನೋಡಿ. ಹುದುಗುತ್ತಿರುವ ಕಳ್ಳಿನ ಸಿಹಿ ಇಳಿದು ಹುಳಿ ಏರಿರುತ್ತದೆ. ಸ್ಯಾಕರಿನ್ ಬೆರೆತಿದ್ದರೆ ಯೀಸ್ಟ್ ಅದನ್ನು ತಿನ್ನಲಾರದು, ಹುಳಿಯ ಮೇಲೆ ಆ ಸಿಹಿ ಹಾಗೇ ಅಂಟಿಕೊಂಡಿರುತ್ತದೆ. ಆದರೆ ದೇಶದ ಬೇರೆಡೆ ಪ್ರಾಣ ತೆಗೆದಿರುವ ಕ್ಲೋರಲ್ ಹೈಡ್ರೇಟಿನಂಥ ಕಲಬೆರಕೆಯನ್ನು ನಾಲಗೆ ನಂಬಿ ಕಂಡುಹಿಡಿಯಲಾಗದು. ಅದಕ್ಕೆ ಪ್ರಯೋಗಾಲಯವೇ ಬೇಕು.

ಗಡಂಗಿನ ಎರಡು ಮುಖ

ತುಳುನಾಡಿನಲ್ಲಿ ಕಳ್ಳು ಬರಿಯ ಕುಡಿತದ ವಸ್ತುವಲ್ಲ. ದೈವಗಳಿಗೆ ಅದು ಸಲ್ಲುತ್ತದೆ. ಕ್ರೈಸ್ತರ ಮನೆಗಳಲ್ಲಿ ಸನ್ನದ ಹಿಟ್ಟನ್ನು ಉಬ್ಬಿಸುತ್ತದೆ. ಮೂರ್ತೆಯನ್ನು ಕುಲಕಸುಬಾಗಿಸಿಕೊಂಡ ಬಿಲ್ಲವ ಸಮುದಾಯದ ವೀರರಾದ ಕೋಟಿ-ಚೆನ್ನಯರ ಪಡುಮಲೆಯೂ ಎಣ್ಮೂರೂ ಇದೇ ಸೀಮೆಯವು.

ಇನ್ನೊಂದು ಮುಖವನ್ನೂ ಈ ಮಣ್ಣು ಬಲ್ಲದು. ಪುತ್ತೂರಿನಲ್ಲಿ ದಶಕಗಟ್ಟಲೆ ಬಾಳಿದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಸಾಲ ಮತ್ತು ಕುಡಿತದ ನಡುವೆ ಸಿಕ್ಕಿ ನಲುಗಿದ ಬದುಕನ್ನು ಕಾಣಿಸಿದೆ. ದಿನದ ಕೂಲಿ ಕಳ್ಳಿನ ಗಡಂಗಿಗೆ ಹೋದ ಮನೆಯ ನೋವು ಸುಳ್ಳಲ್ಲ. ನಿಧಾನವಾಗಿ, ಸ್ವಲ್ಪವೇ ಕುಡಿದು, ಏನು ಕುಡಿಯುತ್ತಿದ್ದೇನೆಂದು ತಿಳಿಯುವ ಅಭ್ಯಾಸ ಅದೇ ಕಾರಣಕ್ಕೆ ನನಗೆ ಮುಖ್ಯವಾಗಿ ಕಾಣುತ್ತದೆ. ರುಚಿ ನೋಡುವವನು ಲೋಟಗಳನ್ನು ಎಣಿಸುತ್ತ ಕೂರುವುದಿಲ್ಲ.

ಬೆಲೆ ಯಾರಿಗೆ ಸಲ್ಲಬೇಕು

2004ರಲ್ಲಿ ರಾಜ್ಯದ ಬಹುಭಾಗದಲ್ಲಿ ಕಳ್ಳು ನಿಷೇಧವಾದಾಗಲೂ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮೂರ್ತೆದಾರಿಕೆ ಉಳಿಯಿತು. ಮೂರ್ತೆದಾರರ ಸಹಕಾರಿ ಸಂಘಗಳೂ ಇಲ್ಲಿವೆ. ಆದರೆ ಬೆಳಿಗ್ಗೆ, ಸಂಜೆ ಮರ ಹತ್ತುವ ಕೆಲಸ ಅಪಾಯದ್ದು, ಮಕ್ಕಳು ಅದನ್ನು ಕಲಿಯಲು ಮುಂದೆ ಬರುತ್ತಿಲ್ಲ. ಬೈನೆ, ತೆಂಗು, ತಾಳೆಯ ಕಳ್ಳು ಒಂದೇ ಪಾತ್ರೆಗೆ ಬಿದ್ದು ಒಂದೇ ದರಕ್ಕೆ ಮಾರಾಟವಾಗುವಲ್ಲಿ, ಶುಚಿಯಾದ ಮಡಕೆಗೂ ಹದವರಿತ ಕೊಯ್ತಕ್ಕೂ ಹೆಚ್ಚಿನ ಕಾಸು ಹುಟ್ಟುವುದಿಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಯಾವ ಮರದ್ದು, ಎಷ್ಟು ಹೊತ್ತಿಗೆ ಇಳಿಸಿದ್ದು, ಇಳಿಸಿದವರು ಯಾರು ಎಂಬ ಮೂರು ಸಂಗತಿಗಳನ್ನು ಗಡಂಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಸಾಕು. ಗ್ರಾಹಕ ಅದನ್ನು ಓದಿ ಆರಿಸುತ್ತಾನೆ. ಒಳ್ಳೆಯದಕ್ಕೆ ಎರಡು ರೂಪಾಯಿ ಹೆಚ್ಚು ಕೊಡುತ್ತಾನೆ. ಆ ಹೆಚ್ಚಿನ ರೂಪಾಯಿ ಮರ ಹತ್ತಿದವರ ಕೈ ಸೇರಿದರೆ, ಬೈನೆಯ ಮುಂದಿನ ಗೊನೆಗೂ ಮಡಕೆ ಕಟ್ಟುವವರು ಇರುತ್ತಾರೆ.