ಸಣ್ಣ ವಿಮಾನಕ್ಕೆ ಬ್ಲೂಟೂತ್, ವೈಫೈ: ಕೋಲ್ಕತ್ತಾ ಆಗಸದಲ್ಲಿ ಯಾವುದು ಕೆಲಸ ಮಾಡುತ್ತೆ? ಯಾವುದಕ್ಕೆ ದುಡ್ಡು ದಂಡ?

ಕೋಲ್ಕತ್ತಾ: ಕಾರಿನಲ್ಲಿ ಕುಳಿತ ತಕ್ಷಣ ಮೊಬೈಲ್ ತಾನಾಗಿಯೇ ಬ್ಲೂಟೂತ್‌ಗೆ ಕನೆಕ್ಟ್ ಆಗುವುದು ಈಗ ಯಾರಿಗೂ ಹೊಸದಲ್ಲ. ಇಂಥದ್ದೇ ಸೌಲಭ್ಯ ಎರಡು, ನಾಲ್ಕು ಸೀಟಿನ ಸಣ್ಣ ವಿಮಾನಗಳಿಗೂ ಬಂದು ಹತ್ತು ವರ್ಷ ಕಳೆದಿದೆ. ಹಳೆಯ ಸೆಸ್ನಾ ವಿಮಾನಕ್ಕೂ ಒಂದು ಪುಟ್ಟ ಪೆಟ್ಟಿಗೆ ಅಥವಾ ಒಂದು ಕಾರ್ಡ್ ಹಾಕಿಸಿದರೆ ಸಾಕು, ಪೈಲಟ್‌ ಕೈಯಲ್ಲಿರುವ ಟ್ಯಾಬ್ಲೆಟ್ ವಿಮಾನದ ಜಿಪಿಎಸ್ ಜೊತೆ ಮಾತಾಡಲು ಶುರು ಮಾಡುತ್ತದೆ.

ಆದರೆ ಈ ಉಪಕರಣಗಳಲ್ಲಿ ಹೆಚ್ಚಿನವು ತಯಾರಾಗಿರುವುದು ಅಮೆರಿಕದ ಆಕಾಶವನ್ನು ಗಮನದಲ್ಲಿಟ್ಟುಕೊಂಡು. ಬ್ರೋಷರ್‌ನಲ್ಲಿ ಕಾಣುವ ಎಲ್ಲವೂ ಕೋಲ್ಕತ್ತಾದ ಬೆಹಾಲಾ ಏರ್‌ಫೀಲ್ಡ್ ಮೇಲೆ ಅಥವಾ ಬೆಂಗಳೂರಿನ ಜಕ್ಕೂರಿನ ಮೇಲೆ ಕೆಲಸ ಮಾಡುವುದಿಲ್ಲ. ಹಾಗಾದರೆ ಫ್ಲೈಯಿಂಗ್ ಕ್ಲಬ್, ತರಬೇತಿ ಶಾಲೆ ಅಥವಾ ಖಾಸಗಿ ವಿಮಾನದ ಮಾಲೀಕರು ಹಣ ಕೊಡುವ ಮುನ್ನ ಏನೆಲ್ಲ ತಿಳಿದಿರಬೇಕು? ಇಲ್ಲಿದೆ ವಿವರ.

ಏನಿದು ವೈರ್‌ಲೆಸ್ ಅಪ್‌ಗ್ರೇಡ್?

ಮೊದಲಿಗೆ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಇಲ್ಲಿ ವೈಫೈ ಎಂದರೆ ಇಂಟರ್ನೆಟ್ ಅಲ್ಲ. ದೊಡ್ಡ ವಿಮಾನಗಳಲ್ಲಿ ಪ್ರಯಾಣಿಕರಿಗೆ ಕೊಡುವ ಇನ್‌ಫ್ಲೈಟ್ ವೈಫೈಗೂ ಇದಕ್ಕೂ ಸಂಬಂಧವಿಲ್ಲ. ವಿಮಾನದ ಪ್ಯಾನೆಲ್‌ನಲ್ಲಿರುವ ಉಪಕರಣ ಮತ್ತು ಪೈಲಟ್‌ನ ಟ್ಯಾಬ್ಲೆಟ್ ನಡುವೆ, ಕಾಕ್‌ಪಿಟ್‌ನ ಒಳಗಷ್ಟೇ ನಡೆಯುವ ಸಂಪರ್ಕ ಇದು.

ಸಣ್ಣ ವಿಮಾನಗಳ ಮಾರುಕಟ್ಟೆಯಲ್ಲಿ ಪ್ರಮುಖ ಹೆಸರು ಗಾರ್ಮಿನ್. ಇದರ ಫ್ಲೈಟ್ ಸ್ಟ್ರೀಮ್ 110 ಮತ್ತು 210 ಎಂಬ ಬ್ಲೂಟೂತ್ ಪೆಟ್ಟಿಗೆಗಳು 2014ರಲ್ಲಿ ಬಂದವು. 210ರಲ್ಲಿ ವಿಮಾನದ ವಾಲಿಕೆ, ಏರಿಳಿತ ತೋರಿಸುವ ಸೆನ್ಸರ್ ಕೂಡ ಇದೆ, 110ರಲ್ಲಿ ಇಲ್ಲ. 2016ರಲ್ಲಿ ಬಂದ ಫ್ಲೈಟ್ ಸ್ಟ್ರೀಮ್ 510 ನೋಡಲು ಮೆಮೊರಿ ಕಾರ್ಡ್‌ನಂತಿದೆ. ಜಿಟಿಎನ್ 650, 750 ಸರಣಿಯ ಉಪಕರಣದ ಕಾರ್ಡ್ ಸ್ಲಾಟ್‌ನಲ್ಲೇ ಅದು ಕೂರುತ್ತದೆ. ಅದರಲ್ಲಿ ಬ್ಲೂಟೂತ್ ಜೊತೆ ವೈಫೈ ಕೂಡ ಉಂಟು. ಜಿಪಿಎಸ್ 175, ಜಿಎನ್‌ಎಕ್ಸ್ 375 ಮಾದರಿಗಳಲ್ಲಿ ಬ್ಲೂಟೂತ್ ಒಳಗೇ ಇರುತ್ತದೆ. ಪ್ರತಿಸ್ಪರ್ಧಿ ಕಂಪನಿ ಅವಿಡೈನ್‌ನ ಐಎಫ್‌ಡಿ 440, 540ಗಳಲ್ಲಿ ಬ್ಲೂಟೂತ್, ವೈಫೈ ಎರಡೂ ಒಳಗೇ ಸೇರಿವೆ.

ನಿಜಕ್ಕೂ ಉಪಯೋಗಕ್ಕೆ ಬರುವುದು ಯಾವುದು?

ಮೊದಲನೆಯದು ಡೇಟಾಬೇಸ್ ಅಪ್‌ಡೇಟ್. ವಿಮಾನ ಮಾರ್ಗಗಳು, ರನ್‌ವೇ ವಿವರ, ರೇಡಿಯೊ ಫ್ರೀಕ್ವೆನ್ಸಿಗಳ ಮಾಹಿತಿ ಜಗತ್ತಿನಾದ್ಯಂತ 28 ದಿನಗಳಿಗೊಮ್ಮೆ ಬದಲಾಗುತ್ತದೆ. ಅಂದರೆ ವರ್ಷಕ್ಕೆ 13 ಸಲ. ಹಳೆಯ ಪದ್ಧತಿಯಲ್ಲಿ ಪ್ಯಾನೆಲ್‌ನಿಂದ ಕಾರ್ಡ್ ತೆಗೆದು, ಕಚೇರಿಯ ಲ್ಯಾಪ್‌ಟಾಪ್‌ಗೆ ಹಾಕಿ, ಡೇಟಾ ತುಂಬಿ, ಮತ್ತೆ ವಿಮಾನಕ್ಕೆ ತಂದು ಸಿಕ್ಕಿಸಬೇಕು. ಆರು ವಿಮಾನಗಳಿರುವ ತರಬೇತಿ ಶಾಲೆಯಲ್ಲಿ ಇದು ವರ್ಷಕ್ಕೆ 78 ಬಾರಿ ಮಾಡಬೇಕಾದ ಕೆಲಸ. ವೈಫೈ ಇದ್ದರೆ ಟ್ಯಾಬ್ಲೆಟ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡ ಡೇಟಾವನ್ನು ವಿಮಾನದ ಬಳಿ ನಿಂತೇ ಕಳುಹಿಸಬಹುದು.

ಇಲ್ಲೊಂದು ಸೂಕ್ಷ್ಮ ಇದೆ. ಡೇಟಾಬೇಸ್ ಕಳುಹಿಸಲು ವೈಫೈ ಬೇಕು, ಬ್ಲೂಟೂತ್ ಸಾಲದು. ಬ್ಲೂಟೂತ್ ಮಾತ್ರ ಇರುವ ಜಿಪಿಎಸ್ 175ರಂಥ ಉಪಕರಣ ಕೊಂಡರೆ ಕಾರ್ಡ್ ಹಿಡಿದು ಓಡಾಡುವುದು ತಪ್ಪುವುದಿಲ್ಲ.

ಎರಡನೆಯದು ಫ್ಲೈಟ್ ಪ್ಲ್ಯಾನ್ ವರ್ಗಾವಣೆ. ಮನೆಯಲ್ಲೋ ಕ್ಲಬ್‌ನಲ್ಲೋ ಕುಳಿತು ಟ್ಯಾಬ್ಲೆಟ್‌ನಲ್ಲಿ ಹಾಕಿಕೊಂಡ ಮಾರ್ಗವನ್ನು ಒಂದೇ ಸಲಕ್ಕೆ ಪ್ಯಾನೆಲ್‌ಗೆ ಕಳುಹಿಸಬಹುದು. ಗುಂಡಿ ತಿರುಗಿಸಿ ಒಂದೊಂದೇ ಅಕ್ಷರ ತುಂಬುವಾಗ ಆಗುವ ತಪ್ಪುಗಳು ಇದರಿಂದ ಕಡಿಮೆಯಾಗುತ್ತವೆ. ಟ್ಯಾಬ್ಲೆಟ್ ಕಳುಹಿಸಿದ ಮಾತ್ರಕ್ಕೆ ವಿಮಾನದ ದಾರಿ ಬದಲಾಗುವುದಿಲ್ಲ. ಪ್ಯಾನೆಲ್‌ನಲ್ಲಿ ಪೈಲಟ್ ನೋಡಿ ಒಪ್ಪಿಕೊಂಡ ಮೇಲಷ್ಟೇ ಅದು ಜಾರಿಗೆ ಬರುತ್ತದೆ.

ಈ ಎರಡೂ ಕೆಲಸಕ್ಕೆ ನೆಲದ ಯಾವ ಸೇವೆಯ ನೆರವೂ ಬೇಕಿಲ್ಲ. ಹೀಗಾಗಿ ಅಮೆರಿಕದಲ್ಲಿ ಹೇಗೋ ಕೋಲ್ಕತ್ತಾದಲ್ಲೂ ಹಾಗೆಯೇ ನಡೆಯುತ್ತವೆ.

ಹವಾಮಾನ ತೋರಿಸುತ್ತೆ ಎಂದು ನಂಬಿದರೆ?

ಮಾರಾಟಗಾರರ ಜಾಹೀರಾತಿನಲ್ಲಿ ಎದ್ದು ಕಾಣುವ ಚಿತ್ರವೆಂದರೆ ಟ್ಯಾಬ್ಲೆಟ್ ಮೇಲೆ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಮಳೆ ಮೋಡ. ತೊಂದರೆ ಇರುವುದೇ ಇಲ್ಲಿ. ಅಮೆರಿಕದಲ್ಲಿ ಅಲ್ಲಿನ ವಿಮಾನಯಾನ ಸಂಸ್ಥೆ ಎಫ್‌ಎಎ ನೆಲದ ಕೇಂದ್ರಗಳಿಂದ 978 ಮೆಗಾಹರ್ಟ್ಸ್‌ನಲ್ಲಿ ಹವಾಮಾನ ಮಾಹಿತಿಯನ್ನು ಉಚಿತವಾಗಿ ಬಿತ್ತರಿಸುತ್ತದೆ. ಭಾರತದಲ್ಲಿ ಎಡಿಎಸ್-ಬಿ ವ್ಯವಸ್ಥೆ ನಡೆಯುವುದು 1090 ಮೆಗಾಹರ್ಟ್ಸ್‌ನಲ್ಲಿ. ಅದರಲ್ಲಿ ಹವಾಮಾನ ಪ್ರಸಾರ ಇಲ್ಲ. ಎರಡೂ ಫ್ರೀಕ್ವೆನ್ಸಿ ಹಿಡಿಯುವ ಜಿಟಿಎಕ್ಸ್ 345ರಂಥ ದುಬಾರಿ ಟ್ರಾನ್ಸ್‌ಪಾಂಡರ್ ಹಾಕಿಸಿದರೂ ಇಲ್ಲಿ ಅದರ ಹವಾಮಾನ ಪರದೆ ಖಾಲಿಯೇ. ಅಮೆರಿಕದ ಸಿರಿಯಸ್ ಎಕ್ಸ್‌ಎಂ ಉಪಗ್ರಹ ಹವಾಮಾನ ಸೇವೆಯೂ ಉತ್ತರ ಅಮೆರಿಕಕ್ಕಷ್ಟೇ ಸೀಮಿತ.

ಕೋಲ್ಕತ್ತಾದಲ್ಲಿ ಇದು ಸಣ್ಣ ವಿಷಯವಲ್ಲ. ಮಾರ್ಚ್‌ನಿಂದ ಮೇವರೆಗೆ ಛೋಟಾ ನಾಗ್ಪುರ ಪ್ರಸ್ಥಭೂಮಿ ಕಡೆಯಿಂದ ಸಂಜೆ ವೇಳೆಗೆ ನುಗ್ಗಿ ಬರುವ ಕಾಲ್‌ಬೈಶಾಖಿ ಬಿರುಗಾಳಿ ಮಳೆ ಇಲ್ಲಿನ ಪೈಲಟ್‌ಗಳಿಗೆ ದೊಡ್ಡ ಸವಾಲು. ಗಾಳಿಯ ವೇಗ ಕೆಲವೊಮ್ಮೆ ಗಂಟೆಗೆ 100 ಕಿ.ಮೀ. ಮೀರುತ್ತದೆ. ಇಂಥ ಹೊತ್ತಿನಲ್ಲಿ ಟ್ಯಾಬ್ಲೆಟ್‌ನಲ್ಲಿ ಮೋಡ ಕಾಣುತ್ತಿಲ್ಲ ಎಂದರೆ ಆಕಾಶ ತಿಳಿಯಾಗಿದೆ ಎಂದರ್ಥವಲ್ಲ, ಮಾಹಿತಿಯೇ ಬರುತ್ತಿಲ್ಲ ಎಂದರ್ಥ. ಟೇಕಾಫ್‌ಗೆ ಮುನ್ನ ಹವಾಮಾನ ಇಲಾಖೆಯ ವರದಿ ಮತ್ತು ರೇಡಾರ್ ಚಿತ್ರ ನೋಡುವುದು, ಹಾರುವಾಗ ಎಟಿಸಿಯನ್ನು ರೇಡಿಯೊದಲ್ಲಿ ಕೇಳುವುದು ಇವೇ ಇಲ್ಲಿನ ದಾರಿ.

ಸೇವೆ ಇರುವ ಅಮೆರಿಕದಲ್ಲೇ ಈ ಚಿತ್ರಗಳನ್ನು ಪೂರ್ತಿ ನಂಬುವಂತಿಲ್ಲ. ಕಾಕ್‌ಪಿಟ್‌ನಲ್ಲಿ ಕಾಣುವ ರೇಡಾರ್ ಚಿತ್ರ ಕೆಲವು ಸಂದರ್ಭಗಳಲ್ಲಿ 15ರಿಂದ 20 ನಿಮಿಷ ಹಳೆಯದಾಗಿರಬಹುದು ಎಂದು ಅಲ್ಲಿನ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲೇ ಎಚ್ಚರಿಸಿತ್ತು.

ಅಕ್ಕಪಕ್ಕದ ವಿಮಾನ ಕಾಣುತ್ತದೆಯೇ?

ಕಾಣುತ್ತದೆ, ಆದರೆ ಅರ್ಧ ಮಾತ್ರ. 1090 ಮೆಗಾಹರ್ಟ್ಸ್‌ನಲ್ಲಿ ತನ್ನ ಸ್ಥಾನವನ್ನು ತಾನೇ ಬಿತ್ತರಿಸುವ ವಿಮಾನ ಟ್ಯಾಬ್ಲೆಟ್‌ನಲ್ಲಿ ಮೂಡುತ್ತದೆ. ದೊಡ್ಡ ಏರ್‌ಲೈನ್ ವಿಮಾನಗಳು ಹೀಗೆ ಕಾಣಿಸುತ್ತವೆ. ಆದರೆ ಆ ಉಪಕರಣ ಇಲ್ಲದ ಹಳೆಯ ತರಬೇತಿ ವಿಮಾನ, ಹೆಲಿಕಾಪ್ಟರ್, ಡ್ರೋನ್ ಕಾಣುವುದಿಲ್ಲ. ಸಣ್ಣ ವಿಮಾನಕ್ಕೆ ಕೆಳಮಟ್ಟದಲ್ಲಿ ಎದುರಾಗುವುದು ಹೆಚ್ಚಾಗಿ ಇಂಥವೇ. ಹಾಗಾಗಿ ಕಿಟಕಿಯಾಚೆ ಕಣ್ಣಿಡುವ ಅಭ್ಯಾಸ ಬಿಡುವಂತಿಲ್ಲ.

ಎರಡು ಪರದೆ, ಒಂದೇ ತಪ್ಪು

ಈ ಅಪ್‌ಗ್ರೇಡ್‌ನಲ್ಲಿ ಹೆಚ್ಚು ಜನ ಗಮನಿಸದ ಅಪಾಯ ಇನ್ನೊಂದಿದೆ. 2025ರ ಡಿಸೆಂಬರ್ 1ರಂದು ನಾಗರಿಕ ವಿಮಾನಯಾನ ಸಚಿವ ರಾಮಮೋಹನ್ ನಾಯ್ಡು ರಾಜ್ಯಸಭೆಗೆ ಲಿಖಿತ ಉತ್ತರ ನೀಡಿದ್ದರು. ದೆಹಲಿ ಬಳಿ ಕೆಲವು ವಿಮಾನಗಳು ಜಿಪಿಎಸ್ ಸ್ಪೂಫಿಂಗ್, ಅಂದರೆ ನಕಲಿ ಸಂಕೇತದ ತೊಂದರೆ ಎದುರಿಸಿದ್ದನ್ನು ಅವರು ಒಪ್ಪಿಕೊಂಡರು. ಕೋಲ್ಕತ್ತಾ, ಅಮೃತಸರ, ಮುಂಬೈ, ಹೈದರಾಬಾದ್, ಬೆಂಗಳೂರು, ಚೆನ್ನೈ ವಿಮಾನ ನಿಲ್ದಾಣಗಳಿಂದಲೂ ಉಪಗ್ರಹ ಸಂಕೇತಕ್ಕೆ ಅಡಚಣೆಯಾದ ವರದಿ ಬಂದಿದೆ ಎಂದು ತಿಳಿಸಿದ್ದರು. ಇಂಥ ಘಟನೆಗಳನ್ನು ವರದಿ ಮಾಡುವುದನ್ನು ಡಿಜಿಸಿಎ 2023ರ ನವೆಂಬರ್‌ನಲ್ಲೇ ಕಡ್ಡಾಯ ಮಾಡಿದೆ.

ಇದಕ್ಕೂ ಬ್ಲೂಟೂತ್‌ಗೂ ಏನು ಸಂಬಂಧ? ಟ್ಯಾಬ್ಲೆಟ್ ಪ್ಯಾನೆಲ್‌ಗೆ ಜೋಡಣೆಯಾದ ಮೇಲೆ ಸಾಮಾನ್ಯವಾಗಿ ಪ್ಯಾನೆಲ್‌ ಕೊಡುವ ಸ್ಥಾನವನ್ನೇ ತೋರಿಸುತ್ತದೆ. ಎರಡೂ ಪರದೆಯಲ್ಲಿ ವಿಮಾನ ಒಂದೇ ಜಾಗದಲ್ಲಿ ಕಂಡಾಗ ಪೈಲಟ್‌ಗೆ ಧೈರ್ಯ ಬರುವುದು ಸಹಜ. ಆದರೆ ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ಇನ್ನೊಬ್ಬನ ಮಾತನ್ನೇ ಪುನರುಚ್ಚರಿಸುತ್ತಿದ್ದರೆ ಅದು ಎರಡನೇ ಸಾಕ್ಷಿ ಆಗುವುದಿಲ್ಲ. ಪ್ಯಾನೆಲ್ ತಪ್ಪಿದರೆ ಟ್ಯಾಬ್ಲೆಟ್ ಕೂಡ ತಪ್ಪುತ್ತದೆ. ಟ್ಯಾಬ್ಲೆಟ್‌ನ ಸ್ವಂತ ಜಿಪಿಎಸ್‌ಗೆ ಬದಲಾಯಿಸಿಕೊಂಡರೂ ಅದೇ ನಕಲಿ ಸಂಕೇತಕ್ಕೆ ಅದೂ ಮೋಸ ಹೋಗಬಹುದು.

ಹಾಗಾಗಿ ನೆಲದಿಂದ ಸಂಕೇತ ಕೊಡುವ ವಿಒಆರ್, ಡಿಎಂಇ ಹಿಡಿಯುವ ಹಳೆಯ ರೇಡಿಯೊಗಳನ್ನು ಜಾಗ ಉಳಿಸಲೆಂದು ಪ್ಯಾನೆಲ್‌ನಿಂದ ಕಿತ್ತುಹಾಕುವ ಮುನ್ನ ಎರಡು ಸಲ ಯೋಚಿಸಬೇಕು. ಜಿಪಿಎಸ್ ಕೈಕೊಟ್ಟಾಗಲೂ ನಡೆಯಲೆಂದು ಇಂಥ ನೆಲದ ವ್ಯವಸ್ಥೆಯನ್ನು ದೇಶ ಉಳಿಸಿಕೊಂಡಿದೆ ಎಂದು ಸಚಿವರ ಉತ್ತರದಲ್ಲೂ ಹೇಳಲಾಗಿತ್ತು. ಹಗಲಿನಲ್ಲಿ ಹಾರುವವರಿಗೆ ದಿಕ್ಸೂಚಿ, ನಕ್ಷೆ ಮತ್ತು ಕೆಳಗೆ ಹರಿಯುವ ಹೂಗ್ಲಿ ನದಿಯೂ ನಂಬಬಹುದಾದ ಸಾಕ್ಷಿಗಳೇ.

ಖರ್ಚು ಎಷ್ಟು, ಅನುಮತಿ ಯಾರದು?

ಫ್ಲೈಟ್ ಸ್ಟ್ರೀಮ್ 510 ಬಿಡುಗಡೆಯಾದಾಗ ಅದರ ಬೆಲೆ 1,495 ಡಾಲರ್. ಇಂದಿನ ಲೆಕ್ಕದಲ್ಲಿ ಸುಮಾರು 1.3 ಲಕ್ಷ ರೂ. ವಿಮಾನದ ಬಿಡಿಭಾಗಗಳ ಆಮದಿಗೆ 2024ರ ಜುಲೈ 15ರಿಂದ ಷರತ್ತಿಗೊಳಪಟ್ಟು ದೇಶಾದ್ಯಂತ ಏಕರೂಪದ ಶೇ 5ರಷ್ಟು ಐಜಿಎಸ್‌ಟಿ ಇದೆ. ಆದರೆ ಟ್ಯಾಬ್ಲೆಟ್ ವಿಮಾನದ ಬಿಡಿಭಾಗವಲ್ಲ, ಅದಕ್ಕೆ ಶೇ 18 ಜಿಎಸ್‌ಟಿ ಕೊಡಬೇಕು. ಇದರ ಮೇಲೆ ಅಳವಡಿಕೆ ಶುಲ್ಕ ಮತ್ತು ಪ್ರತಿ ವರ್ಷದ ಡೇಟಾಬೇಸ್ ಚಂದಾ. ಕಾರ್ಡ್‌ನ ಬೆಲೆ ಒಂದೇ ಸಲದ್ದು, ಚಂದಾ ವಿಮಾನ ಹಾರುವಷ್ಟು ಕಾಲವೂ ಇರುತ್ತದೆ.

ಕಾರಿಗೆ ಸ್ಟೀರಿಯೊ ಹಾಕಿಸಿದಂತೆ ವಿಮಾನಕ್ಕೆ ಉಪಕರಣ ಹಾಕಿಸಲು ಬರುವುದಿಲ್ಲ. ಪ್ಯಾನೆಲ್‌ಗೆ ಜೋಡಿಸುವ ಉಪಕರಣ ಆ ಮಾದರಿಯ ವಿಮಾನಕ್ಕೆ ಅನುಮೋದನೆ ಪಡೆದಿರಬೇಕು ಮತ್ತು ಡಿಜಿಸಿಎ ಅದನ್ನು ಒಪ್ಪಿರಬೇಕು. ಕೆಲಸವನ್ನು ಸಿಎಆರ್-145 ಮಾನ್ಯತೆ ಇರುವ ಸಂಸ್ಥೆ ಮಾಡಿ, ಪರವಾನಗಿ ಹೊಂದಿರುವ ಎಂಜಿನಿಯರ್ ಸಹಿ ಹಾಕಬೇಕು. ಎಫ್‌ಎಎ 8130-3 ಅಥವಾ ಇಎಎಸ್‌ಎ ಫಾರ್ಮ್ 1ರಂಥ ಪ್ರಮಾಣಪತ್ರ ಇಲ್ಲದ ಸೆಕೆಂಡ್ ಹ್ಯಾಂಡ್ ಉಪಕರಣ ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕರೂ ಪ್ರಯೋಜನವಿಲ್ಲ. ಅದನ್ನು ಅಳವಡಿಸಿ ಯಾವ ಎಂಜಿನಿಯರೂ ಸಹಿ ಹಾಕುವಂತಿಲ್ಲ.

ರೇಡಿಯೊ ತರಂಗದ ನಿಯಮವೂ ಇದೆ. ಬ್ಲೂಟೂತ್, ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಾಂತರಕ್ಕೆ ಭಾರತದಲ್ಲಿ 2005ರಿಂದ ಲೈಸೆನ್ಸ್ ಬೇಕಿಲ್ಲ. ಆದರೂ ಆಮದಾಗುವ ವೈರ್‌ಲೆಸ್ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಇಟಿಎ ಎಂಬ ಅನುಮೋದನೆ ಅಗತ್ಯ. ಇದು ಇದೆಯೇ ಎಂದು ಡೀಲರ್ ಬಳಿ ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು.

ಸ್ಯಾಟಲೈಟ್ ಉಪಕರಣ ತಂದರೆ ಜೋಕೆ

ಹವಾಮಾನ ಸಿಗುವುದಿಲ್ಲವಲ್ಲ ಎಂದು ಕೆಲವರು ಇರಿಡಿಯಂ ಉಪಗ್ರಹ ಬಳಸುವ ಉಪಕರಣಗಳತ್ತ ನೋಡುತ್ತಾರೆ. ವಿದೇಶದಲ್ಲಿ ಇವು ಅಂಗಡಿಯಲ್ಲೇ ಸಿಗುತ್ತವೆ. ಆದರೆ ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇರಿಡಿಯಂ, ಥುರಾಯಾ ಉಪಕರಣ ಬಳಸುವುದು ಕಾನೂನುಬಾಹಿರ. 2024ರ ಡಿಸೆಂಬರ್‌ನಲ್ಲಿ ಗಾರ್ಮಿನ್ ಇನ್‌ರೀಚ್ ಎಂಬ ಸಣ್ಣ ಉಪಕರಣ ಇಟ್ಟುಕೊಂಡಿದ್ದ ವಿದೇಶಿ ಪ್ರವಾಸಿಗರು ಗೋವಾ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಕ್ರಮ ಎದುರಿಸಿದ್ದರು.

ಬೇರೆ ಆಯ್ಕೆ ಇದೆಯೇ?

ವಿಮಾನದಲ್ಲಿ ತೀರಾ ಹಳೆಯ ಜಿಪಿಎಸ್ ಇದ್ದರೆ ಅದಕ್ಕೆ ಬ್ಲೂಟೂತ್ ಸೇರಿಸುವ ಬದಲು ಜಿಪಿಎಸ್ಸನ್ನೇ ಬದಲಾಯಿಸುವುದು ಲಾಭದಾಯಕ ಆಗಬಹುದು. ಇದಕ್ಕೆ ಕಾರಣ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿರುವ 'ಗಗನ್' ವ್ಯವಸ್ಥೆ. ಜಿಪಿಎಸ್ ಸಂಕೇತದ ದೋಷ ತಿದ್ದುವ ಈ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ದೇಶದ 15 ರೆಫರೆನ್ಸ್ ಕೇಂದ್ರಗಳಲ್ಲಿ ಕೋಲ್ಕತ್ತಾ ಕೂಡ ಒಂದು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಎಟಿಆರ್ ವಿಮಾನ ಗಗನ್ ನೆರವಿನಿಂದಲೇ ಇಳಿದಿತ್ತು. ಗಗನ್ ಸಂಕೇತ ಹಿಡಿಯಬಲ್ಲ, ವೈರ್‌ಲೆಸ್ ಒಳಗೇ ಇರುವ ಹೊಸ ಉಪಕರಣಕ್ಕೆ ಹೆಚ್ಚು ಹಣ ಬೇಕು ನಿಜ, ಆದರೆ ಆ ಹಣ ಇಲ್ಲಿನ ಆಕಾಶದಲ್ಲಿ ಕೆಲಸ ಮಾಡುತ್ತದೆ.

ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಈಗಿರುವ ಪ್ಯಾನೆಲ್ ಉಪಕರಣ ಮತ್ತು ಅದರ ಸಾಫ್ಟ್‌ವೇರ್ ಆವೃತ್ತಿಗೆ ಇದು ಹೊಂದುತ್ತದೆಯೇ?

* ಬ್ಲೂಟೂತ್ ಮಾತ್ರವೇ, ವೈಫೈ ಕೂಡ ಇದೆಯೇ? ಡೇಟಾಬೇಸ್ ಕಳುಹಿಸಲು ಬರುತ್ತದೆಯೇ?

* ಭಾರತದ ಮಾಹಿತಿ ಒಳಗೊಂಡ ಚಂದಾ ವರ್ಷಕ್ಕೆ ಎಷ್ಟು?

* ಈ ವಿಮಾನದ ಮಾದರಿಗೆ ಅನುಮೋದನೆ, ಪ್ರಮಾಣಪತ್ರ, ಇಟಿಎ ಮೂರೂ ಇವೆಯೇ?

* ತರಬೇತಿ ಅಥವಾ ವಾಣಿಜ್ಯ ಹಾರಾಟದಲ್ಲಿ ಕಾಗದದ ಚಾರ್ಟ್ ಬದಲು ಟ್ಯಾಬ್ಲೆಟ್ ಬಳಸಲು ಡಿಜಿಸಿಎಯಿಂದ ಏನೇನು ಅನುಮತಿ ಬೇಕು?

* ಟ್ಯಾಬ್ಲೆಟ್ ಆಫ್ ಆದರೆ ಪೈಲಟ್ ಬಳಿ ಇನ್ನೇನು ಉಳಿಯುತ್ತದೆ?

ಕೊನೆಯ ಪ್ರಶ್ನೆ ಸುಮ್ಮನೆ ಕೇಳುವಂಥದ್ದಲ್ಲ. ಆ್ಯಪಲ್ ಪ್ರಕಾರ ಐಪ್ಯಾಡ್ ಬಳಸಬೇಕಾದ ಸುತ್ತಲಿನ ತಾಪಮಾನ 0ರಿಂದ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್, ಮೇ ತಿಂಗಳಲ್ಲಿ ಕೋಲ್ಕತ್ತಾದ ಹೊರಗಿನ ಬಿಸಿಲೇ ಇದನ್ನು ದಾಟುತ್ತದೆ. ಗಾಜಿನ ಕೆಳಗಿನ ಕಾಕ್‌ಪಿಟ್ ಇನ್ನೂ ಬಿಸಿ. ಅತಿಯಾಗಿ ಕಾದ ಟ್ಯಾಬ್ಲೆಟ್ ಎಚ್ಚರಿಕೆ ತೋರಿಸಿ ಕೆಲಸ ನಿಲ್ಲಿಸುತ್ತದೆ. ಕಾಲ್‌ಬೈಶಾಖಿ ಏಳುವುದೂ ಇದೇ ತಿಂಗಳುಗಳಲ್ಲಿ. ಅಂಥ ಸಂಜೆ ಪರದೆ ಕಪ್ಪಾದರೂ ದಾರಿ ಗೊತ್ತಿರುವಂತೆ ಪೈಲಟ್ ಸಿದ್ಧರಾಗಿದ್ದರೆ ಮಾತ್ರ ಈ ಅಪ್‌ಗ್ರೇಡ್‌ಗೆ ಕೊಟ್ಟ ಹಣ ಸಾರ್ಥಕ.