ಕಚ್ಛದೇಶದ ಸಿಹಿನೀರು

‘ಕಚ್ಛ’ ಶಬ್ದಕ್ಕೆ ಅಮರಸಿಂಹನು ನೀರು ಹೆಚ್ಚಾಗಿರುವ ಭೂಮಿ ಎಂಬ ಅರ್ಥವನ್ನು ಹೇಳಿರುವನು. ಗುಜರಾತಿನ ಪಶ್ಚಿಮದ ಅಂಚಿನಲ್ಲಿರುವ ಕಚ್ಛದೇಶವನ್ನು ಬಲ್ಲವರಿಗೆ ಇದು ವಿಪರೀತಲಕ್ಷಣೆಯೆಂದೇ ತೋರಬಹುದು. ಅಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಳೆಯು ಸರಾಸರಿಯಲ್ಲಿ ೪೦೦ ಮಿಲಿಮೀಟರಿನ ಆಸುಪಾಸು; ಅದಾದರೂ ಒಂದು ವರ್ಷ ಬಂದಂತೆ ಮತ್ತೊಂದು ವರ್ಷ ಬಾರದು. ಅದೇ ಪಡುಗಡಲ ತೀರದ ನಮ್ಮ ಮಂಗಳೂರಿನಲ್ಲಿ ೩,೫೦೦ ಮಿಲಿಮೀಟರನ್ನು ಮೀರಿ ಸುರಿಯುವುದು. ಕಡಲು ಬಳಿಯಲ್ಲಿದ್ದ ಮಾತ್ರಕ್ಕೆ ಮಳೆಯಾಗದು. ನೀರಾವಿಯನ್ನು ಹೊತ್ತ ಗಾಳಿಯನ್ನು ತಡೆದು ಮೇಲಕ್ಕೇರಿಸಲು ಸಹ್ಯಾದ್ರಿಯಂತಹ ಗೋಡೆಯೂ ಬೇಕು. ಕಚ್ಛದ ಗುಡ್ಡಗಳು ಅದಕ್ಕೆ ಸಾಲವು.

ಆದರೂ ಅಮರನು ಹೇಳಿದ ಅರ್ಥವು ಅಲ್ಲಿ ಸಲ್ಲದೆ ಇಲ್ಲ. ಮುಂಗಾರಿನ ಗಾಳಿಯು ಕಡಲ ನೀರನ್ನು ರಣದೊಳಕ್ಕೆ ನೂಕಲು, ಒಳನಾಡಿನ ಹಳ್ಳಗಳೂ ಬಂದು ಕೂಡಿ, ಕಣ್ಣು ಹರಿದಷ್ಟು ದೂರ ಜಲಮಯವಾಗುವುದು. ಬಿಸಿಲಿಗೆ ಆರಿದ ಮೇಲೆ ಉಪ್ಪಿನ ಹೆಪ್ಪು ಉಳಿಯುವುದು. (ಈ ‘ರಣ’ವು ಯುದ್ಧವಾಚಕವಲ್ಲ, ಚೌಳುನೆಲವೆಂಬ ಅರ್ಥದ ‘ಇರಿಣ’ದಿಂದ ಬಂದುದೆಂದು ಹೇಳುವರು.) ಆದುದರಿಂದ ಅಲ್ಲಿಯ ಕಷ್ಟವು ಬರಿಯ ಜಲಾಭಾವವಲ್ಲ, ಲವಣಬಾಧೆ. ನೆಲದೊಳಗಿನ ಕಲ್ಲೂ ಇದಕ್ಕೆ ಸಹಕಾರಿ. ಭುಜ ಪಟ್ಟಣದ ಸುತ್ತಿನ ಮರಳುಗಲ್ಲು ಸಿಹಿನೀರನ್ನು ಹಿಡಿದಿಡಬಲ್ಲುದು. ಆದರೆ ಹಿಂದೆ ಕಡಲ ತಳದಲ್ಲಿ ಕೆಸರಾಗಿ ನಿಂತು ಗಟ್ಟಿಯಾದ ಜೇಡಿಗಲ್ಲಿನ ಪದರಗಳಲ್ಲಿ ನೀರು ದೊರೆಯುವುದೇ ಅಲ್ಪ, ದೊರೆತರೂ ಉಪ್ಪು.

ಗುಡ್ಡಗಳಿಗೂ ಮಹಾರಣಕ್ಕೂ ನಡುವೆ ಬನ್ನಿ ಎಂಬ ಹುಲ್ಲುಗಾವಲಿದೆ. ಅಲ್ಲಿ ಪಶುಪಾಲನೆಯಿಂದ ಜೀವಿಸುವ ಮಾಲಧಾರಿಗಳು ಮಳೆನೀರು ನಿಂತು ಇಂಗುವ ತಗ್ಗುಗಳನ್ನು ಗುರುತಿಸಿ, ಆಳವಿಲ್ಲದ ಗುಂಡಿಗಳನ್ನು ತೋಡುತ್ತಾರೆ. ಇವುಗಳಿಗೆ ವೀರಡಾ ಎಂದು ಹೆಸರು. ಮಣ್ಣು ಕುಸಿಯದಂತೆ ಒಳಬದಿಗೆ ಮರದ ತುಂಡುಗಳ ಚೌಕಟ್ಟು, ಅದರ ಹಿಂದೆ ಹುಲ್ಲು. ಹುಲ್ಲಿನ ಮೂಲಕ ನೀರು ಸೋಸಿ ಬರುವುದು. ಕೆಳಗೆ ಉಪ್ಪುನೀರು, ಮೇಲೆ ತೆಳ್ಳಗೆ ಸಿಹಿನೀರು. ಮೇಲಿನದನ್ನಷ್ಟೇ ಸೇದಬೇಕು. ಮಿತಿಮೀರಿದರೆ ಕೆಳಗಿನ ಉಪ್ಪು ಏರುವುದು. ಆಗ ಅದನ್ನು ಬಿಟ್ಟು ಮತ್ತೊಂದನ್ನು ತೆರೆಯುವರು.

ಇದರ ತತ್ತ್ವವನ್ನು ಯೂರೋಪಿನಲ್ಲಿ ಖೈಬೆನ್ ಎಂಬ ಡಚ್ಚರವನು ೧೯ನೆಯ ಶತಮಾನದ ಕೊನೆಗೂ, ಜರ್ಮನಿಯ ಹರ್ಟ್ಸ್‌ಬರ್ಗನು ೧೯೦೧ರಲ್ಲಿಯೂ ಲೆಕ್ಕವಾಗಿ ತೋರಿಸಿದರು. ಕಡಲ ನೀರು ಸಿಹಿನೀರಿಗಿಂತ ಸುಮಾರು ನಲವತ್ತರಲ್ಲಿ ಒಂದು ಪಾಲು ಹೆಚ್ಚು ಭಾರ. ಆದುದರಿಂದ ತೀರದ ನೆಲದಲ್ಲಿ ಸಿಹಿನೀರಿನ ಮಟ್ಟವು ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಅದರ ಕೆಳಗೆ ಸುಮಾರು ೪೦ ಅಡಿ ಸಿಹಿನೀರು ನಿಲ್ಲಬಲ್ಲುದು. ಲಾಭದ ಈ ಲೆಕ್ಕವೇ ನಷ್ಟಕ್ಕೂ ಸಲ್ಲುವುದು. ಮೇಲೆ ಒಂದು ಅಡಿ ಇಳಿದರೆ ಕಾಲಕ್ರಮದಲ್ಲಿ ಕೆಳಗಿನ ಉಪ್ಪು ೪೦ ಅಡಿ ಏರಬಹುದು.

ನಮ್ಮ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ, ಆಕಾಶದಿಂದ ಒಂದೇ ರಸವಾಗಿ ಬಿದ್ದ ನೀರು ಭೂಮಿಯ ಭೇದದಿಂದ ನಾನಾ ರಸಗಳನ್ನು ಹೊಂದುವುದೆಂದು ಹೇಳಿರುವುದು ಕಚ್ಛಕ್ಕೆ ಅಕ್ಷರಶಃ ಒಪ್ಪುತ್ತದೆ. ಉಪ್ಪಾದ ಬಾವಿಗೆ ನೆಲ್ಲಿ, ಲಾವಂಚ, ಚಿಲ್ಲದ ಬೀಜ ಮೊದಲಾದುವನ್ನು ಹಾಕುವ ಚಿಕಿತ್ಸೆಯನ್ನೂ ಅವನು ವಿಧಿಸಿರುವನು. ಕದಡಿದ ನೀರು ಇದರಿಂದ ತಿಳಿಯಾಗಬಹುದು. ಕರಗಿದ ಉಪ್ಪು ಹೋಗದು. ಇನ್ನೊಂದು ಮಾತು: ಮರ, ಹುತ್ತಗಳ ಗುರುತಿನಿಂದ ಇಷ್ಟು ಪುರುಷಪ್ರಮಾಣ ಅಗೆದರೆ ಸಿರೆ ದೊರೆಯುವುದೆಂಬುದು ಆ ಶಾಸ್ತ್ರದ ಕ್ರಮ. ಬನ್ನಿಯಲ್ಲಿ ಇನ್ನೂ ಆಳಕ್ಕೆ ಅಗೆದವನು ಕೆಡುವನು. ಶಾಸ್ತ್ರದಲ್ಲಿ ಪಕ್ಷಪಾತವುಳ್ಳ ನಾನೂ ಇಲ್ಲಿ ದನಗಾಹಿಗಳ ಕಡೆಗೇ ನಿಲ್ಲಬೇಕಾಗಿದೆ.

ದಕ್ಷಿಣದ ಮಾಂಡವಿ, ಮುಂದ್ರಾ ತೀರದಲ್ಲಿ ನಡೆದುದು ಇದಕ್ಕೆ ವಿರುದ್ಧ. ಯಂತ್ರಗಳು ಬಂದ ಮೇಲೆ ಬೇಸಾಯಕ್ಕಾಗಿ ಬಾವಿಗಳನ್ನು ಆಳವಾಗಿ ತೋಡಿ ಸೇದಿದರು. ಸಿಹಿನೀರಿನ ಮಟ್ಟ ಇಳಿದು ಕಡಲು ಒಳನುಗ್ಗಿತು. ೨೦೨೨ರಲ್ಲಿ ನರ್ಮದೆಯ ನೀರನ್ನು ತರುವ ಕಚ್ಛ ಶಾಖಾನಾಲೆಯು ಉದ್ಘಾಟನೆಯಾಯಿತು. ನೂರಾರು ಮೈಲಿ ದೂರದ ನೀರು ಮನೆಗೂ ಹೊಲಕ್ಕೂ ದೊರೆಯುವುದು ಸಾಮಾನ್ಯ ಉಪಕಾರವಲ್ಲ. ಆದರೆ ನಾಲೆ ಬಂದಿತೆಂದು ತೀರದ ಬಾವಿಗಳ ಸೇದುವಿಕೆಯನ್ನು ಇಳಿಸದಿದ್ದರೆ, ಈಗಾಗಲೇ ಒಳಹೊಕ್ಕಿರುವ ಉಪ್ಪನ್ನು ಹಿಂದಕ್ಕೆ ತಳ್ಳುವಷ್ಟು ಮಳೆ ಆ ದೇಶದಲ್ಲಿಲ್ಲ.