ಮನೆ ಚೆಂದ ಮಾಡಲು ಎಲ್ಲಿ ನೋಡಬೇಕು?

ಶಿರಾದಲ್ಲಿ ದಿಲಾವರ್ ಖಾನನ ಅರಮನೆ ಎಂದು ತೋರಿಸಲು ಈಗ ಹೆಚ್ಚೇನೂ ಉಳಿದಿಲ್ಲ. ಆದರೆ ಬ್ರಿಟಿಷರ ಕಾಲದ ಗ್ಯಾಸೆಟಿಯರ್ ಒಂದು ಮಾತನ್ನು ದಾಖಲಿಸಿದೆ. ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರು ಕಟ್ಟಿಸಿದ ಅರಮನೆಗಳಿಗೆ ಮಾದರಿಯಾದದ್ದು ಶಿರಾದ ಆ ಅರಮನೆಯಂತೆ. ಶಿರಾ 1687ರಿಂದ ಮೊಘಲರ ಒಂದು ಸುಬಾದ ಮುಖ್ಯ ಪಟ್ಟಣವಾಗಿತ್ತು. 1761ರಲ್ಲಿ ಹೈದರ್ ಅದನ್ನು ಗೆದ್ದ. ಮುಂದೆ 1781ರಲ್ಲಿ ಬೆಂಗಳೂರು ಕೋಟೆಯೊಳಗೆ ತೇಗದ ಕಂಬ, ಕಮಾನು, ಬಾಲ್ಕನಿಗಳ ಅರಮನೆ ಶುರುವಾಯಿತು. ಅದನ್ನು ಮುಗಿಸಿದವನು ಟಿಪ್ಪು, 1791ರಲ್ಲಿ. ಬೆಂಗಳೂರಿಗೆ ಹೋದವರು ಕೆ.ಆರ್. ಮಾರ್ಕೆಟ್ ಹತ್ತಿರ ಅದನ್ನು ನೋಡಿರುತ್ತೀರಿ. ಲಾಲ್‌ಬಾಗಿಗೂ ಶಿರಾದ ಖಾನ್ ಬಾಗ್ ತೋಟವೇ ಪ್ರೇರಣೆ ಎಂಬ ಮಾತಿದೆ.

ಬೇರೊಬ್ಬರ ಮನೆ ನೋಡಿ ತಮ್ಮ ಮನೆಗೆ ಏನಾದರೂ ತರುವುದು ಹೊಸದಲ್ಲ. ಆದರೆ ಹೈದರ್ ನೋಡಿದ್ದು ಇದೇ ಸೀಮೆಯ ಬಿಸಿಲು, ಇದೇ ಸೀಮೆಯ ಗಾಳಿಗೆ ಹೊಂದಿದ ಮನೆಯನ್ನು. ಈಗ ನಾವು ಪಿಂಟ್‌ರೆಸ್ಟ್, ಇನ್‌ಸ್ಟಾಗ್ರಾಮ್‌ಗಳಲ್ಲಿ ನೋಡುವ ಮನೆಗಳು ಯಾವ ಊರಿನವೋ ಗೊತ್ತಿಲ್ಲ. ಗೋಡೆ ತುಂಬ ಗಾಜು, ಕಡು ಬೂದು ಬಣ್ಣ, ನೆಲದ ತುಂಬ ದಪ್ಪ ಕಾರ್ಪೆಟ್. ಹಿಮ ಬೀಳುವ ದೇಶದವರು ಸೂರ್ಯನನ್ನು ಒಳಗೆ ಕರೆದು ಕೂರಿಸಿಕೊಳ್ಳಲು ಮಾಡಿಕೊಂಡ ಏರ್ಪಾಡು ಅದು. ಏಪ್ರಿಲ್ ತಿಂಗಳ ಪಾವಗಡದಲ್ಲಿ ಸೂರ್ಯನನ್ನು ಯಾರೂ ಕರೆಯಬೇಕಾಗಿಲ್ಲ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಕಾಲೇಜಿಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕಿನಿಂದ ಬರುವವರಿದ್ದಾರೆ. ನನ್ನ ಬೆಂಚಿನಲ್ಲಿ ಓದಲು ಸ್ವಂತ ಕೋಣೆ ಇರುವವರು ಒಬ್ಬರೂ ಇಲ್ಲ. ಒಬ್ಬರು ಮಹಡಿ ಮೆಟ್ಟಿಲ ಮೇಲೆ ಓದುತ್ತಾರೆ, ಇನ್ನೊಬ್ಬರು ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ. ಬೋರ್ಡ್ ಪರೀಕ್ಷೆಯ ವರ್ಷದಲ್ಲಿ ಒಳಾಂಗಣ ವಿನ್ಯಾಸ ಅಂದರೆ ನಮಗೆ ಮೊದಲು ಒಂದೇ ಪ್ರಶ್ನೆ: ಆರು ಜನರ ಮನೆಯಲ್ಲಿ ಒಬ್ಬರು ಎರಡು ಗಂಟೆ ಕೂತು ಓದುವ ಜಾಗ ಎಲ್ಲಿ? ಪಿಂಟ್‌ರೆಸ್ಟಿನಲ್ಲಿ ಇದಕ್ಕೆ ಸಿಗುವ ಉತ್ತರ ಇನ್ನೊಂದು ಕೋಣೆ ಕಟ್ಟಿಸಿ ಎಂಬುದು. ನಮ್ಮ ಬೀದಿಯಲ್ಲಿ ಬೇರೆ ಉತ್ತರಗಳಿವೆ.

ಮೊದಲು ದರ್ಜಿ ಅಂಗಡಿ. ಎಂಟಡಿ ಅಗಲದ ಅಂಗಡಿಯಲ್ಲಿ ಎರಡು ಮಿಷನ್ನು, ಕತ್ತರಿಸುವ ಮೇಜು, ಗಿರಾಕಿ ಕೂರಲು ಸ್ಟೂಲು, ಇನ್ನೂರು ಜೊತೆ ಬಟ್ಟೆ ಎಲ್ಲವೂ ಹಿಡಿಸುವುದು ಹೇಗೆ? ಮೇಜಿನ ಕೆಳಗಿನ ಜಾಗ ಖಾಲಿ ಇರುವುದಿಲ್ಲ, ಬಟ್ಟೆ ಗಂಟುಗಳೆಲ್ಲ ಅಲ್ಲಿ. ಕೆಲವು ಅಂಗಡಿಗಳಲ್ಲಿ ಮೇಜೇ ಇರುವುದಿಲ್ಲ. ಗೋಡೆಗೆ ಕೀಲು ಹಾಕಿದ ಹಲಗೆ ಇರುತ್ತದೆ; ಕೆಲಸವಿದ್ದಾಗ ಇಳಿಸುತ್ತಾರೆ, ಇಲ್ಲದಾಗ ಎತ್ತಿ ಕೊಕ್ಕೆಗೆ ಸಿಕ್ಕಿಸುತ್ತಾರೆ. ನಮ್ಮ ಓದುವ ಮೇಜೂ ಹಾಗೇ ಇರಬಹುದು. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಸಾಕು. ಕುರ್ಚಿಯಲ್ಲಿ ಕೂರುವವರು ನೆಲದಿಂದ ಸುಮಾರು 29 ಇಂಚು ಎತ್ತರಕ್ಕೆ ಹಾಕಿಸಿಕೊಳ್ಳಿ.

ನಮ್ಮದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂಬುದು ಮನೆ ಮಾಲೀಕರ ಮೊದಲ ಷರತ್ತು. ಹಾಗಾಗಿ ನಮ್ಮಲ್ಲಿ ಹಲಗೆ ಬರಲಿಲ್ಲ, ರೆಹಲ್ ಬಂತು. ಕುರ್‌ಆನ್ ಇಟ್ಟು ಓದುವ ಕತ್ತರಿ ಆಕಾರದ ಮರದ ಪೀಠ ನಮ್ಮೆಲ್ಲರ ಮನೆಯಲ್ಲಿದೆ. ಹಿಂದೂ ಗೆಳೆಯರ ಮನೆಯಲ್ಲಿ ಅದಕ್ಕೇ ವ್ಯಾಸಪೀಠ ಎನ್ನುತ್ತಾರೆ. ಅದನ್ನು ಬರೀ ವಸ್ತುವಾಗಿ ನೋಡಿದರೆ ಎಂಥ ಬುದ್ಧಿಯ ಕೆಲಸ ಎಂದು ತಿಳಿಯುತ್ತದೆ. ಹಳೆಯ ರೆಹಲ್‌ಗಳನ್ನು ಒಂದೇ ಹಲಗೆಯಲ್ಲಿ ಕೊರೆದು ಬಿಡಿಸುತ್ತಿದ್ದರು, ಕೀಲಿಲ್ಲ, ಮೊಳೆಯಿಲ್ಲ. ತೆರೆದರೆ ಪುಸ್ತಕ ಓರೆಯಾಗಿ ಕಣ್ಣಿನ ಕಡೆ ಏಳುತ್ತದೆ, ಕತ್ತು ಬಗ್ಗಿಸಬೇಕಾಗಿಲ್ಲ. ಮುಚ್ಚಿದರೆ ಗೋಡೆ ಬದಿ ನಿಲ್ಲುತ್ತದೆ. ಕುರ್‌ಆನಿನ ರೆಹಲ್ ಅದಕ್ಕೇ ಇರಲಿ ಎಂದು ದಾದಿ ಹೇಳಿದರು, ಅದು ಸರಿಯೇ. ಅದನ್ನೇ ತೋರಿಸಿ ಬಡಗಿಯಿಂದ ಸ್ವಲ್ಪ ಅಗಲವಾದ ಇನ್ನೊಂದನ್ನು ಮಾಡಿಸಿದೆವು. ಅಕೌಂಟೆನ್ಸಿ ಪುಸ್ತಕ ಈಗ ಅದರ ಮೇಲೆ ಕೂರುತ್ತದೆ.

ಇನ್ನು ಬೆಳಕು. ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕ್ ನೋಡಿದ್ದೀರಲ್ಲ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿನ ಫಲಕಗಳು ಹೆಚ್ಚಾಗಿ ದಕ್ಷಿಣಕ್ಕೆ ಬಾಗಿ ನಿಂತಿವೆ. ನಮ್ಮ ಸೀಮೆ ಭೂಮಧ್ಯರೇಖೆಯಿಂದ ಸುಮಾರು 14 ಡಿಗ್ರಿ ಉತ್ತರದಲ್ಲಿರುವುದರಿಂದ ವರ್ಷದ ಹೆಚ್ಚು ತಿಂಗಳು ಮಧ್ಯಾಹ್ನದ ಸೂರ್ಯ ನಮಗೆ ದಕ್ಷಿಣದ ಕಡೆಗೇ ಇರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ ಸ್ವಲ್ಪ ಉತ್ತರಕ್ಕೆ ಸರಿಯುತ್ತಾನೆ, ಆಗಲೂ ಮಧ್ಯಾಹ್ನ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ. ವಿದ್ಯುತ್ ಬೇಕಾದವರು ದಕ್ಷಿಣಕ್ಕೆ ಮುಖ ಮಾಡುತ್ತಾರೆ. ನಮಗೆ ಬೇಕಾದದ್ದು ಬಿಸಿಲಿಲ್ಲದ ಬೆಳಕು, ಆದ್ದರಿಂದ ಉತ್ತರದ ಕಿಟಕಿ. ಆ ಬೆಳಕು ದಿನವಿಡೀ ಹೆಚ್ಚು ಬದಲಾಗುವುದಿಲ್ಲ, ಪುಟದ ಮೇಲೆ ಕಣ್ಣು ಕುಕ್ಕುವುದಿಲ್ಲ. ಬಲಗೈಯಲ್ಲಿ ಬರೆಯುವವರು ಕಿಟಕಿ ಎಡಕ್ಕೆ ಬರುವಂತೆ ಕೂತರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಉತ್ತರಕ್ಕೆ ಕಿಟಕಿಯೇ ಇಲ್ಲವೇ? ಕ್ಷೌರದ ಅಂಗಡಿ ನೋಡಿ. ಬಾಗಿಲೊಂದು ಬಿಟ್ಟರೆ ಬೆಳಕಿಗೆ ಬೇರೆ ದಾರಿಯಿಲ್ಲ, ಆದರೂ ಒಳಗೆ ಕತ್ತಲೆಯಿರುವುದಿಲ್ಲ, ಬಂದ ಬೆಳಕನ್ನು ಕನ್ನಡಿಗಳು ಒಳಕ್ಕೆ ತಳ್ಳುತ್ತವೆ. ಮನೆಯ ಕನ್ನಡಿಯನ್ನು ಕಿಟಕಿಯ ಎದುರಿನ ಗೋಡೆಗೆ ಬದಲಾಯಿಸಲು ಖರ್ಚಿಲ್ಲ.

ಪಶ್ಚಿಮದ ಕಿಟಕಿಯದು ಬೇರೆ ಕಥೆ. ಸಂಜೆ ಸೂರ್ಯ ಕೆಳಗಿರುವುದರಿಂದ ಕಿಟಕಿಯ ಮೇಲಿನ ಸಜ್ಜ ಅವನನ್ನು ತಡೆಯಲಾರದು. ನಾವು ಒಳಗೆ ದಪ್ಪ ಪರದೆ ಹಾಕುತ್ತೇವೆ, ಆದರೆ ಬಿಸಿಲು ಗಾಜು ದಾಟಿದ ಮೇಲೆ ಕಾವು ಒಳಗೇ ಉಳಿಯುತ್ತದೆ. ಪರದೆ ಬಿಸಿಯಾಗುತ್ತದೆ, ಆ ಬಿಸಿ ಕೋಣೆಗೇ ಬರುತ್ತದೆ. ಕೊರಟಗೆರೆ ಕಡೆ ತೆಂಗಿನ ತೋಟವಿರುವ ಹಳ್ಳಿಗಳಲ್ಲಿ ಗರಿ ಹೆಣೆದ ತಟ್ಟಿಯನ್ನು ಮನೆಯ ಹೊರಗೆ ಕಟ್ಟುತ್ತಾರೆ. ಮದುವೆ ಚಪ್ಪರವೂ ಅದೇ ತತ್ವ. ನೆರಳು ಹೊರಗೇ ಬಿದ್ದರೆ ಗೋಡೆಯೂ ಕಾಯುವುದಿಲ್ಲ, ಗಾಜೂ ಕಾಯುವುದಿಲ್ಲ. ಎಸಿ ಅಂಗಡಿಯವರು ಇದನ್ನು ಹೇಳುವುದಿಲ್ಲ.

ಮಧುಗಿರಿಯವರಿಗೆ ಬೆಟ್ಟವೇ ಪಾಠ. ಕತ್ತಲಾದ ಮೇಲೆ ಏಕಶಿಲೆಯ ಬುಡದಲ್ಲಿ ಬಂಡೆ ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತದೆ. ಹಗಲೆಲ್ಲ ಕುಡಿದ ಕಾವನ್ನು ಕಲ್ಲು ರಾತ್ರಿ ನಿಧಾನವಾಗಿ ಬಿಡುತ್ತದೆ. ನಮ್ಮ ಆರ್‌ಸಿಸಿ ತಾರಸಿ ಮಾಡುವುದೂ ಅದನ್ನೇ. ರಾತ್ರಿ ಹತ್ತಕ್ಕೆ ಫ್ಯಾನ್ ಹಾಕಿದರೂ ಮೇಲಿನಿಂದ ಬಿಸಿ ಇಳಿಯುವುದು ಇದರಿಂದ. ಕಾವು ಕುಡಿಯುವ ಮೊದಲೇ ತಡೆಯಬೇಕು: ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿಯಬಹುದು, ಇಲ್ಲವೇ ಟೈಲ್ಸ್ ಅಂಗಡಿಯ ಹಿಂದೆ ಬಿದ್ದಿರುವ ಬಿಳಿ ಟೈಲ್ಸ್ ಚೂರುಗಳನ್ನು ಹಾಸಬಹುದು. ಇದನ್ನು ಬಡವರ ಉಪಾಯ ಎಂದುಕೊಳ್ಳಬೇಡಿ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ವಾಸ್ತುಶಿಲ್ಪಿ ಬಿ.ವಿ. ದೋಶಿ ಅಹಮದಾಬಾದಿನಲ್ಲಿ ತಮ್ಮ ಕಚೇರಿ ‘ಸಂಗತ್’ನ ಕಮಾನು ಚಾವಣಿಗೆ ಹೊದಿಸಿದ್ದು ಇಂಥ ಬಿಳಿ ಪಿಂಗಾಣಿ ಚೂರುಗಳನ್ನೇ.

ಮತ್ತೆ ಶಿರಾಕ್ಕೆ. ಮೊಘಲರಿಗೂ ಮುಂಚೆ, 1638ರಲ್ಲಿ, ರಣದುಲ್ಲಾ ಖಾನ್ ಈ ಸೀಮೆಯನ್ನು ಬಿಜಾಪುರದ ಆದಿಲ್‌ಶಾಹಿಗೆ ಗೆದ್ದುಕೊಟ್ಟಿದ್ದ. ಅಲ್ಲಿನ ಅಧಿಕಾರಿಯಾಗಿದ್ದ ಮಲಿಕ್ ರಿಹಾನನ ಗೋರಿ 1651ರದು. ಆ ಬಿಜಾಪುರದಲ್ಲಿ, ಈಗಿನ ವಿಜಯಪುರದಲ್ಲಿ, ಇಬ್ರಾಹಿಂ ರೋಜಾ ಎಂಬ ಕಟ್ಟಡವಿದೆ. ಅದರ ಕಿಟಕಿಗಳಿಗೆ ಕಲ್ಲಿನಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯಂತೆ ಕೊರೆದಿದ್ದಾರೆ, ಬೆಳಕು ಬರುವುದು ಅಕ್ಷರಗಳ ಸಂದಿನಿಂದ. ಜಾಲಿ ಚೆಂದಕ್ಕೆ ಮಾತ್ರ ಹುಟ್ಟಿದ್ದಲ್ಲ. ಅದು ಬಿಸಿಲನ್ನು ಚೂರು ಮಾಡಿ, ಗಾಳಿಯನ್ನು ಬಿಡುತ್ತದೆ. ಹಗಲಲ್ಲಿ ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಆದ್ದರಿಂದ ಬೀದಿಯವರಿಗೆ ಒಳಗಿನದು ಕಾಣುವುದಿಲ್ಲ, ಒಳಗಿನವರಿಗೆ ಬೀದಿ ಕಾಣುತ್ತದೆ. ಪರ್ದಾಕ್ಕಾಗಿ ಸದಾ ಕಿಟಕಿ ಮುಚ್ಚಿಟ್ಟು ಕತ್ತಲೆಯಲ್ಲಿ ಕೂರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಅಲ್ಲಿ ಓದುವ ಹೆಣ್ಣುಮಕ್ಕಳಿಗೆ ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ಅಂಥ ಮನೆಗೆ ಸಿಮೆಂಟ್ ಬ್ಲಾಕ್ ಮಾಡುವವರ ಬಳಿ ಸಿಗುವ ಜಾಲಿ ನಿಜವಾಗಿ ಉಪಕಾರ. ಒಂದು ಎಚ್ಚರಿಕೆ: ರಾತ್ರಿ ಒಳಗೆ ದೀಪ ಹಚ್ಚಿದರೆ ಲೆಕ್ಕ ತಿರುಗುತ್ತದೆ. ಆಗ ಒಂದು ತೆಳು ಪರದೆ ಎಳೆಯಬೇಕು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಅವರವರ ಇಷ್ಟ. ಹಳ್ಳಿಯ ಮನೆಗಳಿಗೆ ಕೆಳಗೆ ಕೆಮ್ಮಣ್ಣಿನ ಪಟ್ಟಿ, ಮೇಲೆ ಸುಣ್ಣ. ಸರ್ಕಾರಿ ಶಾಲೆಯ ಗೋಡೆಗೂ ಕೆಳಗರ್ಧ ಗಾಢ ಬಣ್ಣ. ಕೈ, ಕಾಲು, ಎಣ್ಣೆ ತಲೆ ತಾಗುವುದು ಎಲ್ಲಿ ಎಂದು ಗೊತ್ತಿದ್ದವರು ಬಳಿದದ್ದು ಅದು. ಇನ್ನು ಕಂಬಳಿ. ನಮ್ಮ ಸೀಮೆಯ ಕುರುಬರು ಕುಣಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುವ ಕಂಬಳಿಯಲ್ಲಿ ಕುರಿಯ ಮೈಬಣ್ಣ ಬಿಟ್ಟು ಬೇರೆ ಬಣ್ಣವೇ ಇಲ್ಲ: ಕಪ್ಪು, ಕಂದು, ಮಾಸಲು ಬಿಳಿ. ಆದರೂ ಅದನ್ನು ಹಾಸಿದ ಮೂಲೆ ಬೇರೆಯಾಗಿ ಕಾಣುತ್ತದೆ. ನೆಲದಲ್ಲಿ ಕೂತು ಓದುವವರಿಗೆ ಅದಕ್ಕಿಂತ ಒಳ್ಳೆಯ ಹಾಸು ನಾನು ಕಂಡಿಲ್ಲ.

ಜಾಗದ ವಿಷಯಕ್ಕೆ ದೊಡ್ಡ ಪಾಠ ಮಸೀದಿಯಲ್ಲಿದೆ. ಒಳಗೆ ಪೀಠೋಪಕರಣ ಎಂಬುದೇ ಇಲ್ಲ. ಸಫ್‌ನಲ್ಲಿ ನಿಂತಾಗ ಒಬ್ಬರಿಗೆ ಬೇಕಾಗುವುದು ಒಂದು ಜಾನಮಾಜ್‌ನಷ್ಟು ಜಾಗ. ಮನೆಯಲ್ಲೂ ದಾದಿಯ ಕಾಲದಲ್ಲಿ ಹಾಗೇ ಇತ್ತಂತೆ. ದಸ್ತರ್‌ಖಾನ್ ಹಾಸಿದರೆ ಊಟದ ಮನೆ, ಮಡಚಿ ಹಾಸಿಗೆ ಬಿಚ್ಚಿದರೆ ಮಲಗುವ ಮನೆ. ಗೋಡೆ ಎರಡಡಿ ದಪ್ಪ, ಅದರಲ್ಲೇ ತಾಖು, ಅಂದರೆ ಗೂಡು. ದೀಪ, ಪುಸ್ತಕ, ಬೀಗದ ಕೈ ಎಲ್ಲ ಅಲ್ಲೇ. ಈಗ ಗೋಡೆ ಆರಿಂಚು, ಗೂಡಿಗೆ ಜಾಗವಿಲ್ಲ. ಅದರ ಬದಲು ಹಾಲ್‌ನಲ್ಲಿ ಸೋಫಾ ಸೆಟ್ಟು, ಡೈನಿಂಗ್ ಟೇಬಲ್ಲು, ಶೋಕೇಸು. ವರ್ಷಕ್ಕೆ ನಾಲ್ಕು ಸಲ ಬರುವ ಅತಿಥಿಗೆ ಮನೆಯ ಅತಿ ದೊಡ್ಡ ಕೋಣೆ, ದಿನಾ ಓದುವ ಮಕ್ಕಳಿಗೆ ಮೆಟ್ಟಿಲು. ಇದು ನನಗೆ ಒಪ್ಪಿಗೆಯಾಗದ ಲೆಕ್ಕ.

ನಮ್ಮ ಮನೆಯಲ್ಲಿ ಜಗಳ ಆದದ್ದು ಶೋಕೇಸಿನ ಮೇಲೆ. ಅಮ್ಮಿಯ ಮದುವೆಗೆ ತವರಿನಿಂದ ಬಂದ ಟೀ ಸೆಟ್, ಪಿಂಗಾಣಿ ತಟ್ಟೆಗಳು, ಹಜ್‌ಗೆ ಹೋದವರು ತಂದುಕೊಟ್ಟ ಗಡಿಯಾರ, ಪ್ಲಾಸ್ಟಿಕ್ ಹೂವು. ಅದರಲ್ಲಿ ಎರಡು ಅಂತಸ್ತು ಪುಸ್ತಕಕ್ಕೆ ಬೇಕೆಂದಾಗ ಅಮ್ಮಿ ಎರಡು ದಿನ ಮಾತಾಡಲಿಲ್ಲ. ಅದು ಬರೀ ಟೀ ಸೆಟ್ ಅಲ್ಲ, ತವರಿನ ಮಾನ ಎಂದು ಅಬ್ಬ ನನಗೆ ಬಿಡಿಸಿ ಹೇಳಿದರು. ಆಮೇಲೆ ನಾನು ಅಮ್ಮಿಯನ್ನು ಕರೆದುಕೊಂಡು ಹೋದದ್ದು ಬೀದಿ ಕೊನೆಯ ಕಿರಾಣಿ ಅಂಗಡಿಗೆ. ದಿನಾ ಕೇಳುವ ಟೀಪುಡಿ, ಸಕ್ಕರೆ ಕೈಯಳತೆಯಲ್ಲಿ, ಅಕ್ಕಿ ಬೇಳೆಯ ಭಾರದ ಮೂಟೆ ನೆಲದಲ್ಲಿ, ವರ್ಷಕ್ಕೊಮ್ಮೆ ಕೇಳುವುದು ಅಟ್ಟದ ಮೇಲೆ. “ಅಂಗಡಿಯವರು ಕಾಣೋ ಜಾಗದಲ್ಲಿ ಇಟ್ಟಿರೋದು ದಿನಾ ಬೇಕಾದದ್ದನ್ನ, ನೋಡು ಅಮ್ಮಿ” ಎಂದೆ. ಅಮ್ಮಿ ಏನೂ ಹೇಳಲಿಲ್ಲ. ಮಾರನೆಯ ದಿನ ಪ್ಲಾಸ್ಟಿಕ್ ಹೂವು ಮತ್ತು ಗಡಿಯಾರ ಅಟ್ಟಕ್ಕೆ ಹೋದವು. ಟೀ ಸೆಟ್ ಅಟ್ಟಕ್ಕೆ ಹೋಗಲಿಲ್ಲ, ಅಡುಗೆಮನೆಗೆ ಹೋಯಿತು. ಈಗ ಸಂಜೆ ಚಹಾ ಅದರಲ್ಲೇ. ಒಂದು ಕಪ್ಪು ಆಗಲೇ ಒಡೆದಿದೆ, ಅದರ ಚೂರುಗಳನ್ನು ತಾರಸಿಗೆಂದು ತೆಗೆದಿಟ್ಟಿದ್ದೇವೆ.

ಶೋಕೇಸಿನ ಮುಂದೆ ಕಂಬಳಿ, ಅದರ ಮೇಲೆ ರೆಹಲ್, ಎಡಕ್ಕೆ ಕಿಟಕಿ. ನಾಲ್ಕಡಿಗೆ ಮೂರಡಿ ಜಾಗ. ತಮ್ಮ ಏಳರಿಂದ ಒಂಬತ್ತು, ನಾನು ಒಂಬತ್ತರಿಂದ ಹನ್ನೊಂದು. ಆ ಹೊತ್ತು ಟಿವಿ ಇಲ್ಲ ಎಂಬುದು ಅಬ್ಬನ ಆಜ್ಞೆ. ಯಾವ ವಿನ್ಯಾಸಕ್ಕಿಂತಲೂ ಹೆಚ್ಚು ಸಹಾಯ ಮಾಡಿದ್ದು ಅದೇ ಎಂದರೂ ತಪ್ಪಲ್ಲ. ಪಶ್ಚಿಮದ ಕಿಟಕಿಗೆ ಹೊರಗಿನ ತಟ್ಟಿ ಇನ್ನೂ ಆಗಬೇಕು. ಕೊರಟಗೆರೆಯ ಗೆಳೆಯರು ಗರಿ ತರುತ್ತೇನೆಂದು ಒಪ್ಪಿದ್ದಾರೆ, ಮೊಳೆಯಿಲ್ಲದೆ ಕಿಟಕಿ ಸರಳಿಗೇ ಹಗ್ಗದಲ್ಲಿ ಕಟ್ಟುವುದೆಂದು ಮಾತಾಗಿದೆ. ಪರೀಕ್ಷೆ ಬರುವುದು ಬಿಸಿಲಿನ ಜೊತೆಯಲ್ಲೇ ಆದ್ದರಿಂದ ಫೆಬ್ರವರಿಯೊಳಗೆ ಕಟ್ಟಿ ಮುಗಿಸಬೇಕು.